ನೂರು ಸಲ ಬರೆದರೆ ಬಂದೀತೆ?

ನನ್ನ ಮಗ ‘ಮರ’ವನ್ನು ‘ವರ’ ಎಂದು ಓದಿದ. ನೂರು ಸಲ ಬರೆದು ತಾ ಎಂದರು ಶಾಲೆಯಲ್ಲಿ. ನಾನೂ ಕೋಲು ಹಿಡಿದು ಪಕ್ಕದಲ್ಲಿ ಕೂತೆ. ನೂರು ಮುಗಿದ ಮೇಲೂ ‘ವರ’ ಎಂದೇ ಓದಿದ! ಬರೆದದ್ದು ಕೈ, ಓದುವ ಕೆಲಸ ನಡೆದೇ ಇರಲಿಲ್ಲ.

ಡಿಸ್ಲೆಕ್ಸಿಯಾ ಸೋಮಾರಿತನವಲ್ಲ, ದಡ್ಡತನವೂ ಅಲ್ಲ. ನಮಗೆ ಪರಿಚಿತ ಪದ ಕಂಡೊಡನೆ ಗುರುತು ಸಿಗುತ್ತದೆ. ಅಂಥ ಮಕ್ಕಳು ಮತ್ತೆ ಮತ್ತೆ ಅಕ್ಷರಕ್ಕೆ ಅದರ ಸದ್ದನ್ನು ಹುಡುಕಿ ಜೋಡಿಸಬೇಕು. ಮೇಲೆ ಕಾಗುಣಿತ, ಒತ್ತಕ್ಷರಗಳ ಹೊರೆ ಬೇರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ಕಷ್ಟವನ್ನು ಒಪ್ಪಿಕೊಂಡಿದೆ. ಒಪ್ಪದವರು ನಾವು, ತಾಯಂದಿರು! ಅಕ್ಷರಾಭ್ಯಾಸದ ದಿನ ಬೆರಳು ಹಿಡಿದು, ಬಾಯಲ್ಲಿ ಹೇಳಿಸುತ್ತಾ ಅಕ್ಕಿಯ ಮೇಲೆ ಬರೆಸಿದೆವಲ್ಲ? ಕಲಿಸುವ ದಾರಿ ಅದೇ. ಆ ತಾಳ್ಮೆ ಮರುದಿನವೇ ಎಲ್ಲಿ ಹೋಯಿತು?