ನಡೆದಾಡುವ ಹೆಣಗಳೂ ನಮ್ಮ ಕಿರಿಯರೂ

ಜೊಂಬಿಯ ಕಥೆಗಳೆಂದೊಡನೆ ನಮ್ಮ ಹಿರಿಯರಲ್ಲಿ ಅನೇಕರು ಹುಬ್ಬು ಗಂಟಿಕ್ಕುವರು. ಹೆಣಗಳು ಎದ್ದು ನಡೆಯುವುದು, ಬದುಕಿರುವವರನ್ನು ಕಚ್ಚುವುದು, ಕಚ್ಚಿಸಿಕೊಂಡವರು ತಾವೂ ಅಂತೆಯೇ ಆಗುವುದು, ಉಳಿದ ನಾಲ್ಕಾರು ಮಂದಿ ಅನ್ನ ನೀರುಗಳಿಗಾಗಿ ಪಾಳುಬಿದ್ದ ಪಟ್ಟಣದಲ್ಲಿ ಅಲೆಯುವುದು: ಇದೂ ಒಂದು ಸಾಹಿತ್ಯವೇ, ಹದಿಮೂರು ಹದಿನಾಲ್ಕರ ಮಕ್ಕಳು ನಿದ್ದೆಗೆಟ್ಟು ಓದತಕ್ಕದ್ದೇ, ಎಂಬುದು ಅವರ ಆಕ್ಷೇಪ. ಈ ಆಕ್ಷೇಪವು ಸದುದ್ದೇಶದಿಂದ ಹುಟ್ಟಿದುದಾದರೂ ಗುರಿ ತಪ್ಪಿದುದು. ಈ ಕಥೆಗಳಲ್ಲಿ ದೋಷವಿಲ್ಲವೆಂದಲ್ಲ. ಇರುವ ದೋಷವು ಹಿರಿಯರು ಬೆರಳಿಟ್ಟು ತೋರಿಸುವ ಕಡೆಯಲ್ಲಿಲ್ಲ.

ಮೊದಲು ಜುಗುಪ್ಸೆಯ ಮಾತು. ಭಯಾನಕ ಬೀಭತ್ಸಗಳನ್ನು ರಸಗಳೊಳಗೆ ಎಣಿಸಿದ ಪರಂಪರೆ ನಮ್ಮದು. ಭವಭೂತಿಯ ‘ಮಾಲತೀಮಾಧವ’ದ ಐದನೆಯ ಅಂಕದಲ್ಲಿ ನಾಯಕನು ಪಿಶಾಚಗಳಿಗೆ ನರಮಾಂಸವನ್ನು ಮಾರಲು ಶ್ಮಶಾನಕ್ಕೆ ಹೋಗುತ್ತಾನೆ. ಅದನ್ನು ಕಾವ್ಯವೆಂದು ಮೆಚ್ಚುವವರು, ರಕ್ತವಿದೆಯೆಂಬ ಒಂದೇ ಕಾರಣದಿಂದ ಮಕ್ಕಳ ಕೈಯ ಪುಸ್ತಕವನ್ನು ಕಿತ್ತುಕೊಳ್ಳುವುದು ನ್ಯಾಯವೆನಿಸದು.

ಕಿರಿಯರನ್ನು ಸೆಳೆಯುವುದು ರಕ್ತವೂ ಅಲ್ಲ. ಚಾರ್ಲಿ ಹಿಗ್ಸನ್ನನ ‘ದಿ ಎನಿಮಿ’ (2009) ಎಂಬ ಕಾದಂಬರಿಯನ್ನು ನೋಡಿರಿ. ಲಂಡನ್ನಿನಲ್ಲಿ ದೊಡ್ಡವರೆಲ್ಲರೂ ರೋಗಕ್ಕೆ ತುತ್ತಾಗಿ, ಸಾಯದೆ ಉಳಿದವರು ಮಕ್ಕಳನ್ನೇ ಬೇಟೆಯಾಡುವರು. ಕಾವಲು ಕಾಯುವವರೂ ಅನ್ನ ಹುಡುಕುವವರೂ ಮಕ್ಕಳೇ. ಅದೇ ವರ್ಷ ಬಂದ ಕ್ಯಾರಿ ರಯನ್ನಳ ‘ದಿ ಫಾರೆಸ್ಟ್ ಆಫ್ ಹ್ಯಾಂಡ್ಸ್ ಅಂಡ್ ಟೀತ್’ ಎಂಬುದರಲ್ಲಿ ಬೇಲಿಯೊಳಗಿನ ಹಳ್ಳಿಯನ್ನಾಳುವ ಹಿರಿಯ ಸ್ತ್ರೀಯರು ಹೊರಜಗತ್ತಿನ ಸತ್ಯವನ್ನು ಬಚ್ಚಿಟ್ಟಿರುವರು. ಅದನ್ನು ಅರಸಿ ಹೊರಡುವವಳು ಒಬ್ಬ ಹುಡುಗಿ. ಅಂಕಪಟ್ಟಿಯನ್ನಲ್ಲದೆ ಬೇರೇನನ್ನೂ ಕೇಳದ ಮನೆಯಲ್ಲಿ ಬೆಳೆಯುತ್ತಿರುವ ಬಾಲಕನಿಗೆ, ನೀನಿಲ್ಲದೆ ಈ ಗುಂಪು ಇಂದಿನ ರಾತ್ರಿಯನ್ನು ಕಳೆಯಲಾರದು ಎಂದು ಹೇಳುವ ಕಥೆಯು ಪ್ರಿಯವಾದರೆ ಅದರಲ್ಲಿ ಆಶ್ಚರ್ಯವೇನು? ನಾವು ಕೊಡದ ಹೊಣೆಯನ್ನು ಅವನು ಪುಸ್ತಕದಲ್ಲಿ ಹುಡುಕುತ್ತಾನೆ.

ಹಾಗಾದರೆ ದೋಷವೆಲ್ಲಿ? ಅದನ್ನರಿಯಲು ಜೊಂಬಿಯ ಹುಟ್ಟನ್ನು ನೆನೆಯಬೇಕು. ಅದರ ತವರು ಹೈತಿ. ಫ್ರೆಂಚರ ವಸಾಹತಾಗಿದ್ದ ಆ ನಾಡಿನಲ್ಲಿ ಆಫ್ರಿಕದಿಂದ ಸೆರೆತಂದ ಗುಲಾಮರು ಕಬ್ಬಿನ ತೋಟಗಳಲ್ಲಿ ದುಡಿದು ಸಾಯುತ್ತಿದ್ದರು. 1791ರಲ್ಲಿ ದಂಗೆಯೆದ್ದು 1804ರಲ್ಲಿ ಸ್ವತಂತ್ರರಾದರು. ಮಂತ್ರವಾದಿಯು ಹೆಣವನ್ನೆಬ್ಬಿಸಿ ದುಡಿಸುವನೆಂಬುದು ಆ ಜನರ ಭಯ. ಮರಣದಿಂದಲೂ ಬಿಡುಗಡೆಯಿಲ್ಲವೆಂಬ ದಾಸ್ಯದ ಸಂಕಟವೇ ಅದರಲ್ಲಿದೆ. ಹೈತಿಯು ಅಮೆರಿಕದ ಸೈನ್ಯದ ವಶದಲ್ಲಿದ್ದಾಗ (1915–1934) ಸೀಬ್ರೂಕನ 1929ರ ಗ್ರಂಥವು ಇದನ್ನು ಅಮೆರಿಕದಲ್ಲಿ ಜನಜನಿತವಾಗಿಸಿತು. ಜಾರ್ಜ್ ರೊಮೆರೊನ 1968ರ ಚಲಚ್ಚಿತ್ರದ ತರುವಾಯ ನಡೆದಾಡುವ ಹೆಣಕ್ಕೆ ಒಡೆಯನಿಲ್ಲ, ದುಡಿಮೆಯಿಲ್ಲ, ಉಳಿದುದು ಹಸಿವೊಂದೇ. ಗುಲಾಮನ ಭಯವಾಗಿದ್ದುದು ಮನೆಯೊಡೆಯನ ಭಯವಾಯಿತು. ನಮ್ಮ ವೇತಾಳನಾದರೂ ಹೆಣದೊಳಗಿದ್ದು ಪ್ರಶ್ನೆ ಕೇಳುತ್ತಾನೆ. ಈ ಹೆಣಕ್ಕೆ ಮಾತೇ ಇಲ್ಲ. ಮಾತಿಲ್ಲದವನನ್ನು ಕೊಂದರೆ ಪಾಪವೂ ಇಲ್ಲ. ಬೇಲಿಯ ಹೊರಗಿರುವವನು ಮನುಷ್ಯನೇ ಅಲ್ಲ ಎಂಬ ಈ ಸುಲಭವಾದ ಸಮಾಧಾನವೇ ನಿಜವಾದ ವಿಷ.

ಇದು ಬರಿಯ ಕಲ್ಪನೆಯ ಮಾತಲ್ಲ. 2020ರಲ್ಲಿ ಕೋವಿಡ್ ಬಂದಾಗ ನಮ್ಮ ದೇಶದಲ್ಲಿ ಕೆಲವೆಡೆ ವೈದ್ಯರನ್ನೂ ದಾದಿಯರನ್ನೂ ಬಾಡಿಗೆಯ ಮನೆಯಿಂದ ಹೊರಡಿಸಿದರು. ಅವರ ಮೇಲಿನ ಹಲ್ಲೆಯನ್ನು ತಡೆಯಲು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಆ ಏಪ್ರಿಲ್ ತಿಂಗಳಲ್ಲಿ ಸುಗ್ರೀವಾಜ್ಞೆಯಿಂದ ತಿದ್ದಬೇಕಾಯಿತು. ಬಾಗಿಲು ಮುಚ್ಚಿದವರು ಕಥೆಯೋದುವ ಹುಡುಗರಲ್ಲ, ಮನೆಯ ಯಜಮಾನರು. ಬೇಲಿಯ ಪಾಠವನ್ನು ನಾವು ಯಾವ ಪುಸ್ತಕದ ನೆರವೂ ಇಲ್ಲದೆ ಕಲಿತಿದ್ದೆವು.

ಈ ಕಥೆಗಳ ಪಕ್ಷಪಾತಿಗಳು 2021ರ ಒಂದು ಅಧ್ಯಯನವನ್ನು ಮುಂದಿಡುವರು. ಇಂಥ ಪ್ರಳಯಕಥೆಗಳ ಅಭಿಮಾನಿಗಳು ಸಾಂಕ್ರಾಮಿಕದ ಕಾಲದಲ್ಲಿ ಹೆಚ್ಚು ಧೃತಿಯನ್ನೂ ಸಿದ್ಧತೆಯನ್ನೂ ತೋರಿದರೆಂದು ಅದು ಹೇಳುತ್ತದೆ. ಆದರೆ ಅದರಲ್ಲಿ ಉತ್ತರವಿತ್ತವರು ವಯಸ್ಕರು. ತನ್ನನ್ನು ತಾನು ಕಾಪಾಡಿಕೊಳ್ಳುವ ಧೃತಿಯೇ ನೆರೆಯವನ ಮೇಲಣ ಕರುಣೆಯೂ ಅಲ್ಲ.

ಆದಕಾರಣ ಪುಸ್ತಕ ಪುಸ್ತಕಗಳಿಗೆ ಭೇದವೆಣಿಸಬೇಕು. ಮ್ಯಾಕ್ಸ್ ಬ್ರೂಕ್ಸನು 2003ರಲ್ಲಿ ಬರೆದ ‘ದಿ ಜೊಂಬಿ ಸರ್ವೈವಲ್ ಗೈಡ್’ ವಿನೋದದ ಕೈಪಿಡಿಯಾದರೂ ಆಯುಧ ಹಿಡಿಯುವುದನ್ನೂ ಮನೆಯನ್ನು ಕೋಟೆಯಾಗಿಸುವುದನ್ನೂ ಹೇಳುತ್ತದೆ. ಅದೇ ಲೇಖಕನ ‘ವರ್ಲ್ಡ್ ವಾರ್ ಝಡ್’ (2006) ಹಲವು ದೇಶಗಳ ಜನರು ಯುದ್ಧಾನಂತರ ನುಡಿಯುವ ಸಾಕ್ಷ್ಯಗಳ ರೂಪದಲ್ಲಿದೆ. ಸರಕಾರಗಳು ಸತ್ಯವನ್ನು ಮುಚ್ಚಿಟ್ಟುದೂ, ಕೆಲವರನ್ನುಳಿಸಲು ಹಲವರನ್ನು ಬಲಿಗೊಟ್ಟುದೂ ಅಲ್ಲಿ ವಿಚಾರಣೆಗೆ ಬರುತ್ತವೆ. ರೊಮೆರೊನ ಚಿತ್ರದಲ್ಲಿಯೂ ರಾತ್ರಿಯೆಲ್ಲ ಹೋರಾಡಿ ಉಳಿದ ಕರಿಯ ನಾಯಕನು, ಬೆಳಗ್ಗೆ ರಕ್ಷಕರೆಂದು ಬಂದವರ ಗುಂಡಿಗೆ ಬಲಿಯಾಗುತ್ತಾನೆ. ಅವರು ಅವನನ್ನೂ ಹೆಣವೆಂದೇ ಎಣಿಸಿದರು. ಬೇಲಿಯ ಅನ್ಯಾಯವನ್ನು ಬಲ್ಲ ಕೃತಿಗಳಿವು.

ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಪುಸ್ತಕವನ್ನು ಕಸಿಯಬೇಡಿರಿ, ನೀವೂ ಓದಿರಿ. ಓದಿದ ಬಳಿಕ ಮಕ್ಕಳೊಡನೆ ಕುಳಿತು, ಬಾಗಿಲ ಹೊರಗೆ ಉಳಿದವರಾರು, ಅವರನ್ನು ಹೊರಗಿಟ್ಟವರಾರು ಎಂದು ಕೇಳಿರಿ. ಮಕ್ಕಳು ತಿರುಗಿ, 2020ರಲ್ಲಿ ನೀವೇನು ಮಾಡಿದಿರಿ ಎಂದು ಕೇಳಿದರೆ ಸಿಡುಕದೆ ಉತ್ತರ ಕೊಡಿರಿ. ಅದಕ್ಕೆ ಧೈರ್ಯವಿಲ್ಲದವರಿಗೆ ಅವರ ಓದನ್ನು ಹಳಿಯುವ ಅಧಿಕಾರವಿಲ್ಲ.