ಅಪಾಯ ಯಾರಿಗೆ?

‘ಅಪಾಯದ ದೇಶ’ ಎಂಬ ಮಾತನ್ನು ನಾವು ಬಹಳ ಸಲೀಸಾಗಿ ಆಡುತ್ತೇವೆ. ಒಮ್ಮೆ ಆ ಹೆಸರು ಅಂಟಿಕೊಂಡರೆ ಆ ದೇಶದ ಕಾವ್ಯ, ಕಟ್ಟಡ, ಅಡುಗೆ, ಕೊನೆಗೆ ಅಲ್ಲಿನ ಜನರೂ ಅದರ ಹಿಂದೆ ಮರೆಯಾಗುತ್ತಾರೆ. ಇರಾನ್ ಅಂಥ ದೇಶಗಳಲ್ಲೊಂದು. ಮುಂಬಯಿಯ ಕನ್ನಡಿಗರಲ್ಲಿ ಪ್ರವಾಸ ಮಾಡುವ ಶಕ್ತಿ ಮತ್ತು ಬಿಡುವು ಎರಡೂ ಉಳ್ಳವರು ಹೆಚ್ಚುತ್ತಿದ್ದಾರೆ. ದುಬೈ, ಸಿಂಗಾಪುರ, ಯುರೋಪುಗಳನ್ನು ನೋಡಿ ಬಂದವರು ಎಲ್ಲ ಸಂಘಗಳಲ್ಲಿಯೂ ಸಿಗುತ್ತಾರೆ. ಆದರೆ ಇಸ್ಫಹಾನಿನ ವಿಶಾಲ ಚೌಕವನ್ನೋ, ಶಿರಾಜಿನಲ್ಲಿರುವ ಕವಿ ಹಾಫಿಜನ ಸಮಾಧಿಯನ್ನೋ ನೋಡುವ ಆಸೆಯಿದೆ ಎಂದು ಯಾರಾದರೂ ಹೇಳಿದರೆ ದೊರೆಯುವ ಉತ್ತರ ಒಂದೇ: ‘ಅಲ್ಲಿಗೇಕೆ, ಅಪಾಯ.’ ಈ ಉತ್ತರ ಸುಳ್ಳೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಅದು ಅರ್ಧಕ್ಕೇ ನಿಂತ ಉತ್ತರ ಎಂಬುದು ನಮ್ಮ ತಕರಾರು. ಅಪಾಯ ಯಾರಿಗೆ, ಯಾವಾಗ, ಯಾರಿಂದ ಎಂದು ಕೇಳದೆ ಇಡೀ ನಾಡಿನ ಮೇಲೆ ಮುದ್ರೆಯೊತ್ತುವುದನ್ನು ಎಚ್ಚರ ಎಂದು ಕರೆಯಲಾಗದು.

ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡ ನಮಗೆ ಈ ಪ್ರಶ್ನೆಗಳು ಹೊಸವಾಗಬಾರದು. ಕರಾವಳಿಯ ಹಳ್ಳಿಗಳಿಂದ ಹೋಟೆಲ್ ಕೆಲಸಕ್ಕೆಂದು ಹೊರಟ ಹುಡುಗರಿಗೆ ಊರಿನ ಹಿರಿಯರು ಹೇಳಿ ಕಳುಹಿಸುತ್ತಿದ್ದ ಮುಂಬಯಿ ಜೇಬುಗಳ್ಳರ, ದಾದಾಗಳ, ಗಲಭೆಗಳ ನಗರವಾಗಿತ್ತು. ಆ ಹೆಸರು ನಿರಾಧಾರವಾದುದೇನೂ ಅಲ್ಲ. 1966ರಲ್ಲಿ ಶಿವಸೇನೆ ಸ್ಥಾಪನೆಯಾದ ನಂತರದ ವರ್ಷಗಳಲ್ಲಿ ದಕ್ಷಿಣ ಭಾರತದವರ ವಿರುದ್ಧ ಎದ್ದ ಚಳವಳಿಯ ಬಿಸಿ ಉಡುಪಿ ಹೋಟೆಲುಗಳಿಗೂ ತಟ್ಟಿತು. 1992-93ರ ಗಲಭೆಗಳು, 1993ರ ಮಾರ್ಚ್ 12ರ ಸರಣಿ ಸ್ಫೋಟಗಳು, 2006ರ ಜುಲೈ 11ರಂದು ಲೋಕಲ್ ರೈಲುಗಳಲ್ಲಿ ಸಿಡಿದ ಬಾಂಬುಗಳು, 2008ರ ನವೆಂಬರ್ 26ರ ದಾಳಿ, ಇವು ನಡೆದಾಗಲೆಲ್ಲ ಊರಿನಿಂದ ಬಂದ ಮಾತು ‘ಹೊರಟು ಬನ್ನಿ’ ಎಂಬುದೇ. ನಾವು ಹೋಗಲಿಲ್ಲ. ಅದಕ್ಕೆ ಶೌರ್ಯ ಕಾರಣವಲ್ಲ. ಹೊಟ್ಟೆಪಾಡು ಇಲ್ಲಿತ್ತು, ಮಕ್ಕಳ ಶಾಲೆ ಇಲ್ಲಿತ್ತು. ಜೊತೆಗೆ, ಯಾವ ಗಲ್ಲಿಯಲ್ಲಿ ಯಾವ ಹೊತ್ತಿನಲ್ಲಿ ನಡೆಯಬಾರದು, ಯಾವ ದಿನ ಅಂಗಡಿ ತೆರೆಯಬಾರದು ಎಂಬುದು ನಮಗೆ ತಿಳಿದಿತ್ತು. ಒಳಗಿರುವವರಿಗೆ ಅಪಾಯಕ್ಕೆ ಬಹುಮಟ್ಟಿಗೆ ಒಂದು ವಿಳಾಸವಿರುತ್ತದೆ, ವೇಳೆಯಿರುತ್ತದೆ. ದೂರದಲ್ಲಿರುವವರಿಗೆ ಅದರ ಹೆಸರು ಮಾತ್ರ ತಲುಪುತ್ತದೆ.

ಹೀಗೆ ಹೆಸರು ಮಾತ್ರ ತಲುಪುವ ದೂರದಲ್ಲಿ ನಮ್ಮ ದೇಶವನ್ನು ಕಾಣುವವರೂ ಇದ್ದಾರೆ. 2025ರ ಜೂನ್ ತಿಂಗಳಲ್ಲಿ ಅಮೆರಿಕದ ಸರಕಾರ ತನ್ನ ನಾಗರಿಕರಿಗೆ ನೀಡಿದ ಸೂಚನೆಯಲ್ಲಿ, ಭಾರತಕ್ಕೆ ಹೋಗುವವರು ಹೆಚ್ಚಿನ ಎಚ್ಚರ ವಹಿಸಬೇಕು, ಹೆಂಗಸರು ಒಬ್ಬರೇ ಪ್ರಯಾಣ ಮಾಡಬಾರದು ಎಂದಿತ್ತು. ಅದನ್ನು ಓದಿ ನಮ್ಮಲ್ಲಿ ಅನೇಕರು ಸಿಟ್ಟಾದರು. ‘ನಮ್ಮ ದೇಶವೆಂದರೆ ಇಷ್ಟೇಯೇ?’ ಎಂಬುದು ಆ ಸಿಟ್ಟಿನ ತಿರುಳು. ಇದೇ ಪ್ರಶ್ನೆಯನ್ನು ಯಜ್ದ್ ಪಟ್ಟಣದ ಒಬ್ಬ ಶಾಲಾ ಮಾಸ್ತರರೂ ನಮ್ಮನ್ನು ಕೇಳಬಹುದಲ್ಲವೇ?

ಇರಾನಿನವರೆಗೆ ಹೋಗುವ ಮೊದಲು ನಮ್ಮ ನಗರದಲ್ಲಿಯೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಸ್ಯಾಂಡ್‌ಹರ್ಸ್ಟ್ ರೋಡ್ ನಿಲ್ದಾಣದಿಂದ ನಡೆದು ತಲುಪಬಹುದಾದ ಡೋಂಗ್ರಿ ನಮ್ಮ ಕಿವಿಗೆ ಬಿದ್ದಿರುವುದು ಹಾಜಿ ಮಸ್ತಾನ್, ದಾವೂದ್ ಇಬ್ರಾಹಿಮರ ಹೆಸರುಗಳ ಜೊತೆಯಲ್ಲಿ. ಮುಲುಂಡ್, ಡೊಂಬಿವಲಿ, ಬೊರಿವಲಿಗಳಲ್ಲಿ ಮೂವತ್ತು ವರ್ಷ ಕಳೆದೂ ಡೋಂಗ್ರಿಯಲ್ಲಿ ಕಾಲಿಡದ ಕನ್ನಡಿಗರು ಬೇಕಾದಷ್ಟು ಮಂದಿ. ಅಲ್ಲಿನ ಇಮಾಮ್‌ವಾಡಾ ರಸ್ತೆಯಲ್ಲಿ, 1860ರಲ್ಲಿ ಶಿರಾಜ್ ಮೂಲದ ಒಬ್ಬ ವರ್ತಕರು ಕಟ್ಟಿಸಿದ ಇರಾನಿ ಮಸೀದಿಯಿದೆ. ಮೊಗಲ್ ಮಸೀದಿ ಎಂಬ ಹೆಸರಿನಿಂದಲೇ ಅದು ಪರಿಚಿತ. ಮುಂಬಯಿಯ ಬೇರೆ ಮಸೀದಿಗಳಂತೆ ಅದಕ್ಕೆ ಗುಮ್ಮಟವಿಲ್ಲ. ಗೋಡೆಗಳ ಮೇಲೆ ನೀಲಿ ಹೆಂಚಿನ ಬಿಲ್ಲೆಗಳ ಹೂಬಳ್ಳಿ, ಒಳಗೆ ತಣ್ಣಗಿನ ಕೊಳ. ಇಸ್ಫಹಾನಿನ ಚಿತ್ರಗಳಲ್ಲಿ ಕಂಡು ಬೆರಗಾಗುವ ನೀಲಿಯ ಒಂದು ತುಣುಕು ಲೋಕಲ್ ರೈಲಿನ ಟಿಕೆಟಿನ ದೂರದಲ್ಲಿದೆ. ಅದನ್ನು ನೋಡದಂತೆ ನಮ್ಮನ್ನು ತಡೆದಿರುವುದು ಇರಾನಿನ ಸರಕಾರವೂ ಅಲ್ಲ, ಯುದ್ಧವೂ ಅಲ್ಲ. ನಾವು ಕೇಳಿದ ಕಥೆಗಳು.

ಇನ್ನು ಇರಾನಿ ಹೋಟೆಲುಗಳ ಮಾತು. ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯಜ್ದ್, ಕೆರ್ಮಾನ್ ಪ್ರಾಂತಗಳಿಂದ ಬಂದ ಜರತುಷ್ಟ್ರ ಧರ್ಮೀಯರು ಬೀದಿ ಮೂಲೆಗಳಲ್ಲಿ ಚಹದಂಗಡಿ ತೆರೆದರು. ಧೋಬಿ ತಲಾವಿನ ಕಯಾನಿ 1904ರದು. ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ 1923ರದು, ಅಲ್ಲಿನ ಪ್ರಸಿದ್ಧ ಪುಲಾವಿನ ಮೇಲೆ ಉದುರಿಸುವ ಹುಳಿ ಕೆಂಪು ಹಣ್ಣು ಇರಾನಿನಿಂದ ಬರುತ್ತದೆ. ಇತ್ತ ಮಾಟುಂಗದಲ್ಲಿ 1942ರಲ್ಲಿ ರಾಮ ನಾಯಕರ ಉಡುಪಿ ಊಟದ ಮನೆ ಆರಂಭವಾಯಿತು. ಒಬ್ಬರು ಬಡತನ ಮತ್ತು ಧಾರ್ಮಿಕ ಕಿರುಕುಳದಿಂದ, ಇನ್ನೊಬ್ಬರು ಬಡತನ ಮತ್ತು ಜಮೀನಿಲ್ಲದ ಬಾಳಿನಿಂದ ಹೊರಟು ಬಂದವರು. ಇಬ್ಬರೂ ನಗರದ ದುಡಿಯುವ ಜನರಿಗೆ ಕಡಿಮೆ ಬೆಲೆಯಲ್ಲಿ ಹೊಟ್ಟೆ ತುಂಬಿಸಿದವರು. ಎಷ್ಟೋ ಇರಾನಿ ಹೋಟೆಲುಗಳು ಮುಂದೆ ನಮ್ಮ ಶೆಟ್ಟರ ಕೈಗೆ ಬಂದವು. ಹಾಗಿದ್ದೂ ಬ್ರುನ್ ಮಸ್ಕಾ ತಿನ್ನುತ್ತ ಅದನ್ನು ಕೊಟ್ಟವರ ಊರು ಯಾವುದೆಂದು ನಾವು ವಿಚಾರಿಸಿದ್ದು ಕಡಿಮೆ.

ಆ ಜನರು ಬಿಟ್ಟು ಬಂದ ಅಪಾಯದ ಕಡೆಗೆ ಮುಂಬಯಿಯಿಂದಲೇ ನಡೆದು ಹೋದ ಒಬ್ಬ ವ್ಯಕ್ತಿಯನ್ನು ಇಲ್ಲಿ ನೆನೆಯಬೇಕು. ಸೂರತ್ ಸೀಮೆಯಲ್ಲಿ ಹುಟ್ಟಿದ ಮಾಣೆಕ್‌ಜಿ ಲಿಮ್‌ಜಿ ಹತಾರಿಯಾ ಅವರನ್ನು 1854ರಲ್ಲಿ ಮುಂಬಯಿಯ ಪಾರ್ಸಿಗಳು ಇರಾನಿಗೆ ಕಳುಹಿಸಿದರು. ಅಲ್ಲಿ ಉಳಿದಿದ್ದ ತಮ್ಮ ಧರ್ಮಬಾಂಧವರ ದುಃಸ್ಥಿತಿಯನ್ನು ಕಂಡು ನೆರವಾಗುವುದು ಅವರ ಕೆಲಸ. ಅವರು ನೋಡಿ ಮರಳಲಿಲ್ಲ. ಅಲ್ಲಿಯೇ ನಿಂತು ಶಾಲೆಗಳನ್ನು ತೆರೆದರು, ಅರಮನೆಯ ಬಾಗಿಲನ್ನು ಮತ್ತೆ ಮತ್ತೆ ತಟ್ಟಿದರು. 1882ರಲ್ಲಿ ನಾಸಿರುದ್ದೀನ್ ಶಾ ಆ ಜನರ ಮೇಲಿನ ಜಿಜಿಯಾ ತಲೆಗಂದಾಯವನ್ನು ರದ್ದು ಮಾಡಿದಾಗ ಹತಾರಿಯಾ ಅವರ ಸುಮಾರು ಮೂರು ದಶಕಗಳ ದುಡಿಮೆ ಫಲಿಸಿತು. 1890ರಲ್ಲಿ ತೆಹರಾನಿನಲ್ಲಿಯೇ ಅವರು ತೀರಿಕೊಂಡರು. ಅಪಾಯ ಯಾರಿಗೆ ಎಂದು ಅವರು ಕೇಳಿದ್ದರು. ತನಗಿಂತ ಹೆಚ್ಚು ಅಲ್ಲಿಯೇ ಇರಬೇಕಾದವರಿಗೆ ಎಂಬ ಉತ್ತರ ಸಿಕ್ಕಿದ್ದರಿಂದಲೇ ಅವರು ಉಳಿದರು.

ಕನ್ನಡ ನಾಡಿನ ಇತಿಹಾಸವೂ ಈ ವಿಷಯದಲ್ಲಿ ಮೌನವಾಗಿಲ್ಲ. ಆದರೆ ಅಲ್ಲಿ ಪಾತ್ರಗಳು ಅದಲುಬದಲಾಗಿವೆ. ಬಹಮನಿ ಸುಲ್ತಾನ ಹಾಫಿಜನನ್ನು ತನ್ನ ರಾಜಧಾನಿ ಕಲಬುರಗಿಗೆ ಆಹ್ವಾನಿಸಿದನಂತೆ. ಕವಿ ಹೊರ್ಮುಜ್ ಬಂದರಿನವರೆಗೆ ಬಂದು, ಹಡಗು ಹತ್ತಿ, ಬಿರುಗಾಳಿ ಕಂಡು ಹೆದರಿ, ಇಳಿದು ಶಿರಾಜಿಗೆ ಮರಳಿ, ತನ್ನ ಬದಲು ಒಂದು ಗಜಲನ್ನು ಕಳುಹಿಸಿದನೆಂದು ಬಿಜಾಪುರದ ಆಸ್ಥಾನದಲ್ಲಿ ಕುಳಿತು ಇತಿಹಾಸ ಬರೆದ ಫಿರಿಶ್ತಾ ಹೇಳುತ್ತಾನೆ. 1443ರಲ್ಲಿ ವಿಜಯನಗರಕ್ಕೆ ಬಂದ ಹೆರಾತಿನ ರಾಯಭಾರಿ ಅಬ್ದುಲ್ ರಜಾಕನೂ ಸಮುದ್ರಯಾನದ ಭಯವನ್ನು ಮುಚ್ಚಿಡದೆ ಬರೆದಿದ್ದಾನೆ. ಆದರೆ ಬಂದ, ಕಂಡ, ಅವನ ಬರಹವಿಲ್ಲದೆ ಹಂಪೆಯ ವೈಭವದ ಕಥೆ ಇಂದು ಅಪೂರ್ಣ. ಗೀಲಾನ್ ಪ್ರಾಂತದ ಮಹಮೂದ್ ಗವಾನ್ ದಾಭೋಳ ಬಂದರಿನಲ್ಲಿ ವ್ಯಾಪಾರಿಯಾಗಿ ಇಳಿದು, ಬೀದರಿನಲ್ಲಿ ಮಂತ್ರಿಯಾಗಿ, 1472ರಲ್ಲಿ ಅಲ್ಲಿನ ಮದರಸಾವನ್ನು ಕಟ್ಟಿಸಿದ. ಆಸ್ಥಾನದ ಪಂಗಡಗಳ ಹಗೆಯಲ್ಲಿ ಸುಳ್ಳು ಪತ್ರವೊಂದು ಸೃಷ್ಟಿಯಾಯಿತು. 1481ರಲ್ಲಿ ಸುಲ್ತಾನನ ಆಜ್ಞೆಯಂತೆ ಅವನ ತಲೆ ಉರುಳಿತು. ಅಂದಿನ ಇರಾನಿಗರ ಕಣ್ಣಿನಲ್ಲಿ ಅಪಾಯದ ನಾಡು ಯಾವುದಾಗಿತ್ತು? ನಮ್ಮದೇ. ಆದರೂ ಅವರು ಬಂದದ್ದರಿಂದ ಬೀದರಿನ ಗೋಡೆಯಲ್ಲಿ ಬಣ್ಣ ಉಳಿದಿದೆ. ಅಂಥವರ ಓಡಾಟದಿಂದ ಗುಲಾಬಿ, ರುಮಾಲು, ದರ್ಜಿ, ಅಂದಾಜು, ಖುಷಿ ಮುಂತಾದ ಪದಗಳು ನಮ್ಮ ಮನೆಮಾತಾಗಿವೆ.

ಹಾಗೆಂದು ಇಂದಿನ ಅಪಾಯವನ್ನು ಹಗುರವಾಗಿ ಕಾಣುವಂತಿಲ್ಲ. 2024ರ ಫೆಬ್ರವರಿಯಿಂದ ಭಾರತೀಯ ಪ್ರವಾಸಿಗಳಿಗೆ ಇರಾನ್ ವೀಸಾ ಬೇಡವೆಂದಿತು. 2025ರ ಜೂನ್ ತಿಂಗಳಲ್ಲಿ ಇಸ್ರೇಲಿನೊಡನೆ ಹನ್ನೆರಡು ದಿನಗಳ ಯುದ್ಧ ನಡೆಯಿತು. ಭಾರತ ಸರಕಾರ ‘ಆಪರೇಷನ್ ಸಿಂಧು’ ಹೆಸರಿನಲ್ಲಿ ಸಾವಿರಾರು ಮಂದಿಯನ್ನು ಕರೆತಂದಿತು. ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಹಲವು ಮನೆಗಳಲ್ಲಿ ಆ ದಿನಗಳಲ್ಲಿ ನಿದ್ದೆಯಿರಲಿಲ್ಲ. ಶಿಯಾ ಸಮುದಾಯದ ಆ ಊರಿನ ಮಕ್ಕಳು ಓದಿಗೆಂದು ಇರಾನಿನಲ್ಲಿದ್ದರು. ಅದೇ ಜುಲೈಯಲ್ಲಿ ನಮ್ಮ ರಾಯಭಾರ ಕಚೇರಿ ಅನಗತ್ಯ ಪ್ರಯಾಣ ಬೇಡವೆಂದು ತಿಳಿಸಿತು. ಉದ್ಯೋಗದ ಆಮಿಷ ತೋರಿಸಿ ಕರೆದೊಯ್ದ ಭಾರತೀಯರನ್ನು ಹಣಕ್ಕಾಗಿ ಒತ್ತೆಯಿಟ್ಟುಕೊಂಡ ಪ್ರಕರಣಗಳ ನಂತರ, ನವೆಂಬರ್ 22ರಿಂದ ವೀಸಾ ವಿನಾಯಿತಿಯೂ ನಿಂತಿತು. ಇಂಥ ಸೂಚನೆ ಜಾರಿಯಲ್ಲಿರುವಾಗ ಧೈರ್ಯ ತೋರಿಸಲೆಂದು ಹೊರಡುವವರನ್ನು ನಾವು ಮೆಚ್ಚಲಾರೆವು. ಸಿಲುಕಿಕೊಂಡ ಪ್ರವಾಸಿಯನ್ನು ಬಿಡಿಸಲು ಬೇರೆಯವರು ಜೀವ ಪಣಕ್ಕಿಡಬೇಕಾಗುತ್ತದೆ.

ಆದರೆ ಇಲ್ಲಿಯೂ ಮೊದಲ ಪ್ರಶ್ನೆಯನ್ನೇ ಕೇಳೋಣ. ನಮ್ಮವರನ್ನು ಕರೆತರಲು ವಿಮಾನ ಬಂತು. ತೆಹರಾನಿನ ಅಂಗಡಿಕಾರರಿಗೆ, ದಾದಿಯರಿಗೆ, ಮುದುಕರಿಗೆ ಯಾವ ವಿಮಾನವೂ ಬರಲಿಲ್ಲ. ತಲೆವಸ್ತ್ರದ ನಿಯಮ ಹೊರಗಿನಿಂದ ಹೋದ ಹೆಂಗಸರಿಗೂ ಇದೆ, ಅವರಿಗೆ ಅದು ಹತ್ತು ದಿನಗಳ ಕಿರಿಕಿರಿ. 22ರ ಹರೆಯದ ಮಹ್ಸಾ ಅಮೀನಿ ಅದೇ ನಿಯಮದ ಹೆಸರಿನಲ್ಲಿ ಬಂಧನಕ್ಕೊಳಗಾಗಿ 2022ರ ಸೆಪ್ಟೆಂಬರ್ 16ರಂದು ಸತ್ತಳು. ಜಾಫರ್ ಪನಾಹಿ ಅವರಿಗೆ 2010ರಲ್ಲಿ ಇಪ್ಪತ್ತು ವರ್ಷ ಚಿತ್ರ ಮಾಡಬಾರದೆಂಬ ಶಿಕ್ಷೆಯಾಯಿತು. ಅವರು ಗುಟ್ಟಾಗಿ ಚಿತ್ರ ಮಾಡುತ್ತಲೇ ಹೋಗಿ 2025ರಲ್ಲಿ ಕಾನ್ ಚಿತ್ರೋತ್ಸವದ ಪರಮೋಚ್ಚ ಪ್ರಶಸ್ತಿ ಪಡೆದರು. ನಾವು ‘ಇರಾನಿನ ಶ್ರೀಮಂತ ಸಂಸ್ಕೃತಿ’ ಎಂದು ಹೊಗಳುವುದನ್ನು ಜೀವಂತವಾಗಿಟ್ಟವರೂ, ‘ಇರಾನಿನ ಅಪಾಯ’ವನ್ನು ಹೊತ್ತವರೂ ಬಹುಪಾಲು ಒಂದೇ ಜನ. ದೇಶಕ್ಕೆ ಅಪಾಯದ ಪಟ್ಟ ಕಟ್ಟಿದಾಗ ಆ ಪೆಟ್ಟು ಬೀಳುವುದು ಆಳುವವರಿಗಲ್ಲ, ಪ್ರವಾಸಿಗಳನ್ನು ನಂಬಿ ಬದುಕುವ ಆ ಜನಕ್ಕೆ.

ಇದಕ್ಕೆ ಎದುರಾಗಿ ಇನ್ನೊಂದು ಸುಲಭದ ಮಾತಿದೆ. ಹೋಗಿ ಬಂದವರು ‘ಅಲ್ಲಿ ಏನೂ ಭಯವಿಲ್ಲ, ಜನ ಬಂಗಾರದಂಥವರು’ ಎನ್ನುತ್ತಾರೆ. ಜನ ಒಳ್ಳೆಯವರಿರಬಹುದು, ಆದರೆ ಅತಿಥಿಗೆ ದೊರೆತ ಆದರವನ್ನು ಆ ನಾಡಿನ ನೆಮ್ಮದಿಯೆಂದು ತಿಳಿಯುವುದು ತಪ್ಪು. ಕೊಲಾಬಾದ ಲಿಯೋಪೋಲ್ಡ್ ಕೆಫೆಯನ್ನು 1871ರಲ್ಲಿ ತೆರೆದವರು ಇರಾನಿಗರು. 2008ರ ಗುಂಡುಗಳ ಗುರುತನ್ನು ಅದರ ಗೋಡೆಗಳಲ್ಲಿ ಹಾಗೆಯೇ ಉಳಿಸಿದ್ದಾರೆ. ವಿದೇಶೀಯರು ಆ ತೂತುಗಳ ಎದುರು ನಿಂತು ಫೋಟೋ ತೆಗೆಸಿಕೊಳ್ಳುವಾಗ, ಅಲ್ಲಿ ಸತ್ತವರ ಮನೆಯವರಿಗೆ ಹೇಗನ್ನಿಸೀತು ಎಂದು ಮುಂಬಯಿಯ ನಾವು ಬಲ್ಲೆವು. ನಾಳೆ ನಾವು ಇರಾನಿಗೆ ಹೋದಾಗ ಅದೇ ವಿವೇಕ ನಮ್ಮ ಜೊತೆಗಿರಬೇಕು: ಮನೆಗೆ ಕರೆದು ಚಹ ಕೊಟ್ಟವರು ಸರಕಾರದ ಬಗ್ಗೆ ಆಡಿದ ಮಾತನ್ನು ಅವರ ಚಿತ್ರದೊಡನೆ ಊರಿಗೆಲ್ಲ ಹಂಚಬಾರದು. ನಾವು ವಿಮಾನ ಹತ್ತಿದ ಮೇಲೆ ಅದರ ಬೆಲೆ ತೆರುವವರು ಅವರು.

ನಮ್ಮ ಸಂಘಗಳಿಗೆ ಇಷ್ಟು ವಿನಂತಿ. ಇರಾನಿನ ಬಾಗಿಲು ಸುರಕ್ಷಿತವಾಗಿ ತೆರೆಯುವ ದಿನಕ್ಕೆ ಕಾಯೋಣ. ಆದರೆ ಕೈಕಟ್ಟಿ ಕಾಯುವುದು ಬೇಡ. ಒಂದು ಭಾನುವಾರ, ಅನುಮತಿ ಕೇಳಿ, ಡೋಂಗ್ರಿಯ ಮಸೀದಿಯ ಅಂಗಳದಲ್ಲಿ ನಿಂತು ಬರೋಣ. ಅಲ್ಲಿಂದ ಧೋಬಿ ತಲಾವಿಗೆ ಬಂದು, ಚಹ ಕೊಡುವ ಹಿರಿಯರೊಡನೆ ಅವರ ಅಜ್ಜ ಬಿಟ್ಟು ಬಂದ ಊರಿನ ವಿಷಯ ಕೇಳೋಣ. ರಜೆಯಲ್ಲಿ ಮಕ್ಕಳನ್ನು ಬೀದರಿಗೆ ಕರೆದೊಯ್ಯೋಣ. ಇಲ್ಲಿಂದ ನೇರ ರೈಲಿದೆ. ಗವಾನನ ಮದರಸಾದ ಮುಂದೆ ನಿಂತ ಮಕ್ಕಳು, ಅದನ್ನು ಕಟ್ಟಿಸಿದವನು ಎಲ್ಲಿಂದ ಬಂದ, ಹೇಗೆ ಸತ್ತ ಎಂದು ಕೇಳಿಯೇ ಕೇಳುತ್ತಾರೆ. ಆ ಉತ್ತರ ಗೊತ್ತಿರುವವರು ಮುಂದೊಂದು ದಿನ ಶಿರಾಜಿಗೆ ಹೊರಟರೆ ಅವರನ್ನು ನಾವು ನಿಶ್ಚಿಂತೆಯಿಂದ ಕಳುಹಿಸಿಕೊಡಬಹುದು. ಮುಂದಿನ ವರ್ಷದ ಪ್ರವಾಸಗಳ ಪಟ್ಟಿ ಬರೆಯುವಾಗ, ದುಬೈಗಿಂತ ಮೇಲಿನ ಸಾಲಿನಲ್ಲಿ ಸ್ಯಾಂಡ್‌ಹರ್ಸ್ಟ್ ರೋಡ್ ನಿಲ್ದಾಣದ ಹೆಸರಿರಲಿ.