ಕಡಲಪಾಚಿಯ ಕೃಷಿಯೂ ಶಾಸ್ತ್ರಜ್ಞಾನವೂ

ಕಡಲಪಾಚಿಯ ದ್ರವಗೊಬ್ಬರವು ಕಡಲಿಗೆ ದೂರವಾದ ಹುಣಸೂರು, ಪಿರಿಯಾಪಟ್ಟಣಗಳ ರೈತರಿಗೂ ಇಂದು ಅಪರಿಚಿತವಲ್ಲ. ಆದರೆ ಭಾರತೀಯ ಪಾಚಿಶಾಸ್ತ್ರದ ಪಿತಾಮಹರೆನಿಸಿದ ಎಂ. ಓ. ಪಾರ್ಥಸಾರಥಿ ಅಯ್ಯಂಗಾರರನ್ನು ಬಲ್ಲವರೆಷ್ಟು ಮಂದಿ? ಮದರಾಸಿನ ಈ ಸಸ್ಯಶಾಸ್ತ್ರ ಪ್ರಾಧ್ಯಾಪಕರು ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಕಡಲಸಸ್ಯಗಳ ವಿವರವನ್ನು 1927ರಲ್ಲಿ ಪ್ರಕಟಿಸಿದರು. ಮುಂದೆ ಲಾಭಕ್ಕಾಗಿ ಆ ಸೀಮೆಯಲ್ಲಿ ಬೆಳೆಸಿದ ಫಿಲಿಪೈನ್ಸ್ ಮೂಲದ ಕಪ್ಪಾಫೈಕಸ್ ಪಾಚಿಯು ಅದೇ ದ್ವೀಪದ ಹವಳಗಳನ್ನು ಮುಸುಕಿ ಕೊಲ್ಲುತ್ತಿರುವುದಾಗಿ ವಿಜ್ಞಾನಿಗಳು 2008ರಲ್ಲಿ ವರದಿಮಾಡಿದರು. ಯಾವುದು ಸ್ವದೇಶೀಯ, ಯಾವುದು ಆಗಂತುಕ ಎಂದು ನಿರ್ಣಯಿಸುವುದಕ್ಕೆ ಅಯ್ಯಂಗಾರರಂಥವರು ಬರೆದಿಟ್ಟ ವಿವರಗಳೇ ಆಧಾರವು. ಪಾಚಿಯ ಕೃಷಿಗೆ ಧನಸಹಾಯ ಮಾಡುವ ಸರಕಾರದವರು ಇಂತಹ ಪರಿಶೀಲನೆಗೂ ತಕ್ಕ ದ್ರವ್ಯವನ್ನು ಒದಗಿಸತಕ್ಕದ್ದು. ಬೀಜವನ್ನರಿಯದೆ ಬಿತ್ತಿದರೆ ಹೊಲವೇ ಕೆಡುವುದೆಂಬುದನ್ನು ನಮ್ಮ ಒಕ್ಕಲುಮಕ್ಕಳು ಬಲ್ಲರು. ಅಧಿಕಾರಿಗಳೂ ಇದನ್ನು ಮನಗಾಣುವರೆಂದು ನಾವು ಆಶಿಸುತ್ತೇವೆ.